ಅಳತೆಗೋಲನ್ನೇ ಅಳೆಯುವುದು ಹೇಗೆ?

ಮಕ್ಕಳೇ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋಗಿದ್ದೀರಾ? ಅಲ್ಲಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ಬಳಪದ ಕಲ್ಲಿನ ಅದರ ಕಂಬಗಳು ಎಷ್ಟು ನುಣುಪೆಂದರೆ, ಹತ್ತಿರ ನಿಂತರೆ ಮುಖ ಕಾಣುತ್ತದೆ. ಕಂಬ ದುಂಡಗಿರುವುದರಿಂದ ಮುಖ ತೆಳ್ಳಗೆ, ಉದ್ದಕ್ಕೆ ಕಾಣುತ್ತದೆ. ಆದರೂ ನೀವು ಹೆದರುವುದಿಲ್ಲ. ಮನೆಯ ಚಪ್ಪಟೆ ಕನ್ನಡಿಯಲ್ಲಿ ನಿಮ್ಮ ಮುಖವನ್ನು ಸರಿಯಾಗಿ ನೋಡಿದ್ದೀರಲ್ಲ! ಆ ಕನ್ನಡಿಯೇ ಡೊಂಕಾಗಿದ್ದರೆ? ಇಂಗಾಲವನ್ನು ಅಳೆಯುವ ವಿಜ್ಞಾನಿಗಳಿಗೆ ಇಂಥದ್ದೇ ಪೇಚು ಎದುರಾಯಿತು.

ಇಂಗಾಲದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನವು ಹಗುರ, ಅವು ಇಂಗಾಲ-12. ನೂರಕ್ಕೆ ಸುಮಾರು ಒಂದು ಮಾತ್ರ ತುಸು ಭಾರ, ಅದು ಇಂಗಾಲ-13. ಇವುಗಳಿಗೆ ಸಮಸ್ಥಾನಿಗಳು ಅಥವಾ ಐಸೋಟೋಪುಗಳು ಎಂದು ಹೆಸರು. ಗಿಡಗಳು ಗಾಳಿಯಿಂದ ಇಂಗಾಲ ಪಡೆಯುವಾಗ ಭಾರದ್ದನ್ನು ಕಡಿಮೆ ತೆಗೆದುಕೊಳ್ಳುತ್ತವೆ. ಈ ಗುಣ ಭತ್ತ, ತೆಂಗುಗಳಲ್ಲಿ ಹೆಚ್ಚು. ರಾಗಿ, ಜೋಳ, ಕಬ್ಬುಗಳಲ್ಲಿ ಕಡಿಮೆ. ಲಕ್ಷ ಇಂಗಾಲದ ಪರಮಾಣುಗಳನ್ನು ಎಣಿಸಿದರೆ ಭತ್ತದಲ್ಲಿ ಸುಮಾರು 1076 ಭಾರದವು, ರಾಗಿಯಲ್ಲಿ ಸುಮಾರು 1092. ವ್ಯತ್ಯಾಸ ಬರೀ ಹದಿನಾರು!

ಇಷ್ಟು ಚಿಕ್ಕ ವ್ಯತ್ಯಾಸದಿಂದ ಏನು ಪ್ರಯೋಜನ ಎನ್ನಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುನೆಲದ ಮಣ್ಣನ್ನು ಹೀಗೆ ಅಳೆದರು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಹುಲ್ಲು ಯಾವಾಗ ಹಬ್ಬಿತ್ತು, ಮಳೆ ಯಾವಾಗ ಹೆಚ್ಚಿತ್ತು ಎಂದು ತಿಳಿದು 1993ರಲ್ಲಿ ಪ್ರಕಟಿಸಿದರು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆಪಾಕ ಬೆರೆಸಿದರೂ ಇದೇ ಅಳತೆಯಿಂದ ಸಿಕ್ಕಿಬೀಳುತ್ತದೆ. ಅಲ್ಲಿ ಲಕ್ಷಕ್ಕೆ ಒಂದೇ ಪರಮಾಣುವಿನ ವ್ಯತ್ಯಾಸವೂ ಸಂಶಯಕ್ಕೆ ಸಾಕು. ಅಳತೆ ತಪ್ಪಿದರೆ ಪ್ರಾಮಾಣಿಕವಾಗಿ ಜೇನು ಸಾಕಿದವನೇ ಕಳ್ಳನಾಗಿಬಿಡುತ್ತಾನೆ!

ಯಂತ್ರ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ ಹೇಳುವುದಿಲ್ಲ. ಗೊತ್ತಿರುವ ಒಂದು ವಸ್ತುವಿನೊಂದಿಗೆ ಹೋಲಿಸಿ ಹೇಳುತ್ತದೆ. ಆ ವಸ್ತುವೇ ಇಲ್ಲಿ ತೂಕದ ಬಟ್ಟು. ಮೊದಲು ಬಳಸಿದ್ದು ಅಮೆರಿಕದಲ್ಲಿ ಸಿಕ್ಕಿದ, ಡೈನೋಸಾರ್ ಕಾಲದ ಸಮುದ್ರಜೀವಿಯೊಂದರ ಪಳೆಯುಳಿಕೆ. ಅದು ಮುಗಿದುಹೋಯಿತು. ಆಮೇಲೆ ಅಮೃತಶಿಲೆಯ ಪುಡಿ ಬಂತು. ಅಳತೆಯ ಇನ್ನೊಂದು ತುದಿಗೂ ಒಂದು ಗುರುತು ಬೇಕೆಂದು 2006ರಲ್ಲಿ ಲಿಥಿಯಂ ಕಾರ್ಬೋನೇಟ್ ಎಂಬ ಬಿಳಿ ಪುಡಿಯನ್ನು ಆರಿಸಿದರು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಎಡವಟ್ಟು ಬಯಲಾಯಿತು. ಬೇರೆಬೇರೆ ಸೀಸೆಗಳ ಅದೇ ಪುಡಿ ಬೇರೆಬೇರೆ ಉತ್ತರ ಕೊಡುತ್ತಿತ್ತು! ಮುಚ್ಚಳ ತೆರೆದಾಗಲೆಲ್ಲ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿತ್ತು. ಗಾಳಿಯ ಇಂಗಾಲದಲ್ಲಿ ಭಾರದ್ದು ಹೆಚ್ಚು. ಹಾಗಾಗಿ ಪುಡಿಯ ಲೆಕ್ಕ ಮೆಲ್ಲಗೆ ಮೇಲೆ ಸರಿಯಿತು. ತಪ್ಪು ಯಂತ್ರದ್ದಲ್ಲ, ಬಟ್ಟಿನದು. ಅದನ್ನು ಕೈಬಿಡಬೇಕಾಯಿತು.

ಈಗ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಕ್ಯಾಲ್ಸಿಯಂ ಕಾರ್ಬೋನೇಟಿನ, ಅಂದರೆ ಸುಣ್ಣಕಲ್ಲಿನಲ್ಲಿರುವ ವಸ್ತುವಿನ, ಹೊಸ ಪುಡಿಗಳನ್ನು ತಯಾರಿಸಿದೆ. ದೊಡ್ಡ ಡಬ್ಬಿಯ ಬದಲು ಪುಟ್ಟ ಗಾಜಿನ ಕೊಳವೆಗಳಲ್ಲಿ ಅರ್ಧರ್ಧ ಗ್ರಾಂ ತುಂಬಿ, ಗಾಜನ್ನೇ ಕರಗಿಸಿ ಬಾಯಿ ಮುಚ್ಚುತ್ತಾರೆ. ಅಲ್ಲಲ್ಲಿಂದ ಕೆಲವು ಕೊಳವೆ ಆರಿಸಿ, ಎಲ್ಲವೂ ಒಂದೇ ಉತ್ತರ ಕೊಡುತ್ತವೆಯೇ ಎಂದು ಪರೀಕ್ಷಿಸುತ್ತಾರೆ.

ನಿಮ್ಮೂರಿನ ಅಂಗಡಿಯಲ್ಲಿ ಕಬ್ಬಿಣದ ಬಟ್ಟು ಇದ್ದರೆ ಕೇಳಿ ಪಡೆದು ತಿರುಗಿಸಿ ನೋಡಿ. ಕುಳಿಯಲ್ಲಿ ತುಂಬಿದ ಸೀಸದ ಮೇಲೆ ಸರ್ಕಾರದ ಮುದ್ರೆ ಇದೆಯೇ? ಯಾವ ವರ್ಷದ್ದು?