ನಿಮಗಿದು ಗೊತ್ತೇ? ಐದು ಎಂದು ಬರೆದ ಲೇಸರ್ ಐವತ್ತು ಕಾರಬಹುದು!

ಗೋಕಾಕದ ಲಕ್ಷ್ಮೀದೇವಿ ಜಾತ್ರೆಯಲ್ಲಿ ಭಂಡಾರದ ಅರಿಶಿನ ಪುಡಿ ಹಾರಿದಾಗ ಲೇಸರ್ ಕಿರಣ ಹಾಯಿಸಿದರೆ ಗೆರೆ ಕೊರೆದಂತೆ ಕಾಣುತ್ತದೆ. ಶುದ್ಧ ಗಾಳಿಯಲ್ಲಿ ಅದೇ ಕಿರಣ ಪಕ್ಕದಿಂದ ಕಾಣುವುದೇ ಕಷ್ಟ. ಧೂಳು, ಹೊಗೆ, ಜಲಪಾತದ ತುಂತುರಿಗೆ ತಾಗಿ ಚದುರಿದ ಬೆಳಕಷ್ಟೇ ನಮಗೆ ಕಾಣುವುದು. ಬಣ್ಣದ್ದೂ ಆಟವಿದೆ: ಒಂದೇ ಶಕ್ತಿಯ ಹಸಿರು ಲೇಸರ್, ಸಾಮಾನ್ಯ ಕೆಂಪು ಲೇಸರಿಗಿಂತ ನಮ್ಮ ಕಣ್ಣಿಗೆ ಸುಮಾರು ಎಂಟು ಪಟ್ಟು ಪ್ರಖರ. ಹಾಗಾಗಿ ಆನ್‌ಲೈನ್ ಜಾಹೀರಾತಿನ ವಿಡಿಯೊ ನೋಡಿ ಲೇಸರಿನ ಶಕ್ತಿ ಅಳೆಯಲಾಗದು.

ಶಕ್ತಿಯ ಲೆಕ್ಕ ಮಿಲಿವ್ಯಾಟಿನಲ್ಲಿ. ಕಣ್ಣಿಗೆ ಕಾಣುವ ಲೇಸರ್ 1ರೊಳಗಿದ್ದರೆ ಎರಡನೇ ವರ್ಗ; 5 ದಾಟಿದರೆ '3ಬಿ'; 500 ದಾಟಿದರೆ ನಾಲ್ಕನೇ ವರ್ಗ. ನಾಲ್ಕನೇ ವರ್ಗದ್ದು ಗೋಡೆಗೆ ಬಡಿದು ಚದುರಿದರೂ ಕಣ್ಣಿಗೆ ಅಪಾಯ. ಚರ್ಮ ಸುಡುತ್ತದೆ, ಬಟ್ಟೆಗೆ ಬೆಂಕಿ ಹಚ್ಚುತ್ತದೆ.

ಚೀಟಿಯ ಮೇಲೆ '5 ಮಿಲಿವ್ಯಾಟಿಗಿಂತ ಕಡಿಮೆ' ಎಂದಿದ್ದರೆ ನಂಬಬಹುದೇ? ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ 'ನಿಸ್ಟ್' 122 ಲೇಸರ್ ಪಾಯಿಂಟರುಗಳನ್ನು ಅಳೆದು 2013ರಲ್ಲಿ ಫಲಿತಾಂಶ ಹೇಳಿತು. ಹಸಿರಿನವುಗಳಲ್ಲಿ ಸುಮಾರು ಶೇಕಡಾ 90, ಕೆಂಪಿನವುಗಳಲ್ಲಿ ಶೇಕಡಾ 44 ಅಲ್ಲಿನ ಸುರಕ್ಷತಾ ನಿಯಮ ಮೀರಿದ್ದವು.

ಹಸಿರಿನದೇ ಯಾಕೆ ಹೆಚ್ಚು ಕಾಟ? ಅಗ್ಗದ ಹಸಿರು ಲೇಸರುಗಳಲ್ಲಿ ಹೆಚ್ಚಿನವು ನೇರವಾಗಿ ಹಸಿರು ಬೆಳಕು ಹುಟ್ಟಿಸುವುದಿಲ್ಲ. ಒಳಗೆ 808 ನ್ಯಾನೋಮೀಟರಿನ ಅವಗೆಂಪು ಡಯೋಡ್ ಒಂದು ಹರಳನ್ನು ಕೆರಳಿಸುತ್ತದೆ, ಅದು 1064ರ ಅವಗೆಂಪು ಕಿರಣ ಕೊಡುತ್ತದೆ, ಇನ್ನೊಂದು ಹರಳು ಅದರ ತರಂಗವನ್ನು ಅರ್ಧಕ್ಕಿಳಿಸಿ 532ರ ಹಸಿರು ಮಾಡುತ್ತದೆ. ಉಳಿದ ಅವಗೆಂಪನ್ನು ತಡೆಯಲು ಪುಟ್ಟದೊಂದು ಫಿಲ್ಟರ್ ಬೇಕು. ನಾಲ್ಕು ಕಾಸು ಉಳಿಸಲು ತಯಾರಕರು ಕೈಬಿಡುವುದು ಅದನ್ನೇ. 2010ರಲ್ಲಿ ಇದೇ ನಿಸ್ಟ್ ಪರೀಕ್ಷಿಸಿದ ಒಂದು ಅಗ್ಗದ ಪಾಯಿಂಟರ್, ಹಸಿರಿಗಿಂತ ಸುಮಾರು ಹತ್ತು ಪಟ್ಟು ಅವಗೆಂಪು ಕಾರುತ್ತಿತ್ತು. ಕಾಣದ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ಸುಳ್ಳು ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ. '10,000 ಮಿಲಿವ್ಯಾಟ್' ಎಂದರೆ 10 ವ್ಯಾಟ್ ಬೆಳಕು. ಟಾರ್ಚಿನಂಥ ಕೊಳವೆ, ಒಂದೇ ಒಂದು ಸೆಲ್, ಫ್ಯಾನಿಲ್ಲ. ಅಷ್ಟು ಬೆಳಕು ಎಲ್ಲಿಂದ ಬರಬೇಕು? ಜೊತೆಗೆ ಬರುವ 18650 ಸೆಲ್ಲಿನ ಮೇಲೆ '9,900 ಎಂಎಎಚ್' ಎಂದಿರುತ್ತದೆ. ಒಳ್ಳೆಯ ಕಂಪನಿಯ ಸೆಲ್ಲೇ 3,500ರ ಆಸುಪಾಸು. ಒಟ್ಟಿನಲ್ಲಿ ಚೀಟಿ ಹೆಚ್ಚಿಗೆ ಹೇಳಿದೆಯೋ ಕಡಿಮೆಯೋ, ಮೀಟರ್ ಇಲ್ಲದ ನಮಗೆ ತಿಳಿಯದು.

ರೆಪ್ಪೆ ಬಡಿಯಲು ಕಾಲು ಸೆಕೆಂಡು ಬೇಕು. ಕಣ್ಣಿನ ಮಸೂರವೋ ಕಿರಣವನ್ನು ಸುಮಾರು 1 ಲಕ್ಷ ಪಟ್ಟು ಸಾಂದ್ರಗೊಳಿಸಿ ರೆಟಿನಾದ ಮೇಲೆ ಚುಕ್ಕಿಯಂತೆ ಇಡುತ್ತದೆ. ರೆಟಿನಾಕ್ಕೆ ನೋವಿನ ನರಗಳಿಲ್ಲ. ಸುಟ್ಟದ್ದು ತಿಳಿಯುವುದು, ಓದುವಾಗ ಅಕ್ಷರದ ನಡುವೆ ಕಪ್ಪು ಚುಕ್ಕೆ ನಿಂತಾಗ. ಕನ್ನಡಿಗೆ ತಾಗಿ ಮರಳುವ ಕಿರಣವೂ ಅಪಾಯವೇ. 'ಏ ತಮ್ಮಾ, ಕನ್ನಡಿಗೆ ಹಿಡೀಬ್ಯಾಡೋ' ಎಂದು ಬೈಯುವ ಅಜ್ಜಿ ವಿಜ್ಞಾನವನ್ನೇ ಹೇಳುತ್ತಿದ್ದಾಳೆ.

ಉಚಿತವಾಗಿ ಕೊಡುವ ಕೆಂಪು, ಹಸಿರು ಕನ್ನಡಕ? ಯಾವ ತರಂಗಕ್ಕೆ ಎಷ್ಟು ತಡೆ ಎಂದು ಅದರ ಮೇಲೆ ಅಚ್ಚಾಗಿರದಿದ್ದರೆ ಅದು ಜಾತ್ರೆಯ ಕನ್ನಡಕವೇ.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಮುಂದೆ ಪುಣೆ. ಡಿಜೆ ಮೆರವಣಿಗೆಯ ಗೀಳು ಆ ಕಡೆಯೂ ಈ ಕಡೆಯೂ ಒಂದೇ. 2023ರ ಗಣೇಶೋತ್ಸವದ ನಂತರ ನಾಸಿಕದ ಕಣ್ಣಿನ ವೈದ್ಯರು ಲೇಸರಿನಿಂದ ರೆಟಿನಾ ಗಾಯಗೊಂಡ ಯುವಕರ ಬಗ್ಗೆ ಎಚ್ಚರಿಸಿದರು. 2024ರಲ್ಲಿ ಪುಣೆ ಪೊಲೀಸರು ಉತ್ಸವದಲ್ಲಿ ಲೇಸರ್ ಬೀಮುಗಳನ್ನೇ ನಿಷೇಧಿಸಿದರು. ಅದಕ್ಕೂ ಮುಂಚೆ, 2008ರಲ್ಲಿ ಮಾಸ್ಕೋ ಬಳಿಯ ಸಂಗೀತ ಉತ್ಸವವೊಂದರಲ್ಲಿ ಹತ್ತಾರು ಜನರ ದೃಷ್ಟಿ ಕುಂದಿತ್ತು.

ಕಿರಣ ಕೊನೆತನಕ ಚುಕ್ಕಿಯಾಗೇ ಇರುವುದಿಲ್ಲ. ಸಾಧಾರಣ ಪಾಯಿಂಟರಿನದು ಒಂದು ಕಿಲೋಮೀಟರಿಗೆ ಒಂದು ಮೀಟರಿನಷ್ಟು ಅಗಲವಾಗುತ್ತದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ರಾತ್ರಿ ಇಳಿಯುವ ಪೈಲಟ್‌ಗೆ ಅದು ತಾಗಿದರೆ ಮುಂದಿನ ಗಾಜೆಲ್ಲ ಹಸಿರೋ ಹಸಿರು.

ಮೂಡಲಗಿ ಕಡೆ ಕಬ್ಬಿನ ಟ್ರೇಲರ್ ವೆಲ್ಡಿಂಗ್ ಮಾಡುವವರ ಮೊಬೈಲಿಗೂ 'ತುಕ್ಕು ತೆಗೆಯುವ ಲೇಸರ್ ಗನ್, ಕೆಲವೇ ಸಾವಿರ' ಎಂಬ ಜಾಹೀರಾತು ಬಂದೀತು. ನಿಜವಾದ ಯಂತ್ರ ನೂರಾರು, ಸಾವಿರಾರು ವ್ಯಾಟಿನದು, ಬೆಲೆ ಲಕ್ಷಗಳಲ್ಲಿ. ಅದರ ಕಿರಣ ಕಣ್ಣಿಗೆ ಕಾಣದು, ಮಾಮೂಲಿ ವೆಲ್ಡಿಂಗ್ ಗ್ಲಾಸನ್ನು ನಂಬುವಂತಿಲ್ಲ.

ಆಸ್ಟ್ರೇಲಿಯಾದಲ್ಲಿರುವ ಮೊಮ್ಮಗನಿಗೆ ಉಡುಗೊರೆ ಕಳಿಸುತ್ತೀರಾ? 1 ಮಿಲಿವ್ಯಾಟ್ ಮೀರಿದ ಪಾಯಿಂಟರನ್ನು ಪರವಾನಗಿಯಿಲ್ಲದೆ ಅಲ್ಲಿಗೆ ತರಿಸುವಂತಿಲ್ಲ, 2008ರಿಂದ.

ಮೋಸ ಹೋದರೆ? ಭಾರತದ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕವಿಲ್ಲ. ಪಾರ್ಸೆಲ್ಲಿನ ಚೀಟಿ ಮಾತ್ರ ಹರಿದು ಎಸೆಯಬೇಡಿ. ಮಾರಿದವನ ವಿಳಾಸ ಇರುವುದು ಅದರ ಮೇಲೆಯೇ.