ತಾಂತ್ರಿಕ ಬರಹಗಾರರಿಗೆ ಎಂತಹ ಗಣಕಯಂತ್ರ ಬೇಕು?

ಉಡುಪಿ: ಹೊಸ ಯಂತ್ರವೊಂದನ್ನು ಕೊಂಡಾಗ ಅದರೊಡನೆ ಬರುವ ಕೈಪಿಡಿಯನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. ಆದರೆ ಆ ಕೈಪಿಡಿಯಲ್ಲಿ ಒಂದು ಹಂತ ಬಿಟ್ಟುಹೋದರೆ, ಎರಡು ಗುಂಡಿಗಳ ಕ್ರಮ ಅದಲುಬದಲಾದರೆ, ಅದರ ಫಲವನ್ನು ಉಣ್ಣುವವನು ಯಂತ್ರದ ಮುಂದೆ ನಿಂತ ಕೆಲಸಗಾರ. ಇಂತಹ ಕೈಪಿಡಿಗಳನ್ನೂ ತಂತ್ರಾಂಶಗಳ ಬಳಕೆಯ ವಿವರಗಳನ್ನೂ ಸಿದ್ಧಪಡಿಸುವುದೇ ತಾಂತ್ರಿಕ ಬರಹಗಾರರ ಕಾಯಕ. ಅವರ ತಪ್ಪುಗಳಲ್ಲಿ ಕೆಲವು ಅಜ್ಞಾನದಿಂದಲ್ಲ, ಸಾಲದ ಸಲಕರಣೆಯಿಂದ ಆಗುತ್ತವೆ.

ಉಡುಪಿ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಮಣಿಪಾಲದ ತಾಂತ್ರಿಕ ಮಹಾವಿದ್ಯಾಲಯ 1957ರಲ್ಲಿ ಆರಂಭವಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯ ತಾಂತ್ರಿಕ ವಿದ್ಯಾಲಯ 1986ರಲ್ಲಿ. 1996ರಲ್ಲಿ ಉಡುಪಿಯಲ್ಲೇ ರೋಬೋಸಾಫ್ಟ್ ತಂತ್ರಾಂಶ ಸಂಸ್ಥೆ ಹುಟ್ಟಿತು. ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಓದಿದವರೂ ಇದ್ದಾರೆ, ಬರೆಯಬೇಕಾದ ವಿಷಯವೂ ಇದೆ. 2020ರ ಕೊರೋನಾ ಪಿಡುಗಿನ ಬಳಿಕ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಹೆಚ್ಚಿದಾಗ, ಸಲಕರಣೆಯ ಹೊರೆ ಕಚೇರಿಯಿಂದ ಬರಹಗಾರನ ಮನೆಗೆ ಬಂದಿತು.

ಬರೆಯುವುದಕ್ಕಷ್ಟೇ ಅಲ್ಲ

ಅಕ್ಷರ ಮೂಡಿಸಲು ಹಳೆಯ ಗಣಕಯಂತ್ರವೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಕಥೆ, ಲೇಖನಗಳಿಗೆ ಸಾಕು. ತಾಂತ್ರಿಕ ಬರಹಗಾರನಾದರೋ ತಾನು ವಿವರಿಸುವ ತಂತ್ರಾಂಶವನ್ನು ಸ್ವತಃ ನಡೆಸಿ ನೋಡಬೇಕು. ಒಂದೆಡೆ ಆ ತಂತ್ರಾಂಶ, ಇನ್ನೊಂದೆಡೆ ಎಂಜಿನಿಯರ್ ಕೊಟ್ಟ ನಕ್ಷೆ, ಮತ್ತೊಂದೆಡೆ ಬರೆಯುತ್ತಿರುವ ಪುಟ ಏಕಕಾಲಕ್ಕೆ ತೆರೆದಿರಬೇಕು. ಸ್ಮರಣಶಕ್ತಿ ಸಾಲದಿದ್ದರೆ ಗಣಕ ತಡವರಿಸುತ್ತದೆ. ಆಗ ಬರಹಗಾರ ತಂತ್ರಾಂಶವನ್ನು ಮುಚ್ಚಿ ನೆನಪಿನಿಂದ ಬರೆಯತೊಡಗುತ್ತಾನೆ. ತಪ್ಪು ನುಸುಳುವುದು ಅಲ್ಲಿಯೇ.

ಇಂದಿನ ಲೆಕ್ಕದಲ್ಲಿ 8 ಜಿಬಿ ರ‍್ಯಾಮ್ ಕನಿಷ್ಠ. ನೆಮ್ಮದಿಯಿಂದ ಕೆಲಸ ಸಾಗಲು 16 ಜಿಬಿ ಬೇಕು. ಒಂದೇ ಗಣಕದೊಳಗೆ ಇನ್ನೊಂದು ಕಾರ್ಯವ್ಯವಸ್ಥೆಯನ್ನು ನಡೆಸಿ ಪರೀಕ್ಷಿಸುವವರಿಗೆ ಅದಕ್ಕಿಂತಲೂ ಹೆಚ್ಚು. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೂ ಚುರುಕು ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಉಪಕಾರಿಯಾದುದು ಎರಡನೆಯ ಪರದೆ. ಮೂಲ ಒಂದರಲ್ಲಿ, ಬರಹ ಇನ್ನೊಂದರಲ್ಲಿ ಇದ್ದರೆ ಹೋಲಿಸಿ ನೋಡುವ ಅಭ್ಯಾಸ ತಾನಾಗಿಯೇ ಬೆಳೆಯುತ್ತದೆ. ಲ್ಯಾಪ್‌ಟಾಪ್ ಇರುವವರು 24 ಇಂಚಿನ ಸಾಮಾನ್ಯ ಪರದೆಯೊಂದನ್ನು ಜೋಡಿಸಿಕೊಂಡರೂ ಸಾಕು.

ಕೊಳ್ಳುವ ಮುನ್ನ ತಂತ್ರಾಂಶವನ್ನೂ ವಿಚಾರಿಸಬೇಕು. ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಫ್ರೇಮ್‌ಮೇಕರ್, ಮ್ಯಾಡ್‌ಕ್ಯಾಪ್ ಫ್ಲೇರ್ ಎಂಬಿವು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಆಕ್ಸಿಜನ್ ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿಯೂ ನಡೆಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಬಳಸಿದ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಒಗ್ಗುವುದೇ ಎಂದು ನೋಡಿಯೇ ಹಣ ಕೊಡುವುದು ಲೇಸು.

ಮಳೆ, ಸಿಡಿಲು, ಉಪ್ಪುಗಾಳಿ

ಬೆಂಗಳೂರಿನ ಸಲಹೆಗಳು ಕರಾವಳಿಗೆ ಪೂರ್ತಿ ಹೊಂದುವುದಿಲ್ಲ. ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಮುಂಗಾರಿಗೆ ಮುನ್ನವೂ ಹಿಂಗಾರಿನಲ್ಲೂ ಸಿಡಿಲಿನ ಅಬ್ಬರ. ಕಾಪುವಿನ ಕಡಲ ತಡಿಯ ಮನೆಗಳಲ್ಲಿ ಉಪ್ಪುಗಾಳಿ ಲೋಹದ ಜೋಡಣೆಗಳನ್ನು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ.

ಮನೆಯ ಇನ್ವರ್ಟರ್ ಇದ್ದರೆ ಸಾಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ವಿದ್ಯುತ್ ಹೋಗಿ ಇನ್ವರ್ಟರ್ ಹೊತ್ತಿಕೊಳ್ಳುವ ಕ್ಷಣಾರ್ಧದಲ್ಲಿ ಮೇಜಿನ ಗಣಕ ಆರಿಹೋಗಬಹುದು. ಹಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಸ್ಥಿತಿ ಎಂಬ ಪ್ರತ್ಯೇಕ ಆಯ್ಕೆಯಿರುತ್ತದೆ, ಅದನ್ನು ಇಟ್ಟುಕೊಳ್ಳಬೇಕು. ಇಲ್ಲವಾದರೆ ಗಣಕಕ್ಕೆಂದೇ 600 ವಿಎ ಸಾಮರ್ಥ್ಯದ ಯುಪಿಎಸ್ ಇಟ್ಟರೆ ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲು ಬೇಕಾದ ಹೊತ್ತು ಸಿಗುತ್ತದೆ. ಆದರೆ ಯುಪಿಎಸ್ ಸಿಡಿಲಿಗೆ ರಕ್ಷೆಯಲ್ಲ. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವುದು, ಅಂತರ್ಜಾಲ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಬಿಡಿಸುವುದು ಅಗತ್ಯ. ಬೇಸಗೆಯಲ್ಲಿ ನೆಲ ಒಣಗಿದಾಗ ಅರ್ತಿಂಗ್ ದುರ್ಬಲವಾಗುವುದರಿಂದ ಅದನ್ನು ಮಳೆಗೆ ಮುನ್ನ ಪರೀಕ್ಷಿಸಿಕೊಳ್ಳಬೇಕು. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಚಾಲೂ ಮಾಡುವುದು ಒಳಿತು. ಅದರದೇ ಬಿಸಿ ತೇವವನ್ನು ಆರಿಸುತ್ತದೆ.

ಪ್ರತಿಗಳ ವಿಷಯದಲ್ಲಿ ಬಲ್ಲವರು ಪಾಲಿಸುವ ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ. ಒಂದೇ ಮನೆಯಲ್ಲಿರುವ ಎರಡು ಡಿಸ್ಕುಗಳು ಒಂದೇ ಸಿಡಿಲಿಗೆ ಸುಟ್ಟುಹೋದಾವು.

ಕನ್ನಡದಲ್ಲಿ ಬರೆಯುವುದಾದರೆ

ಕೈಪಿಡಿಯನ್ನು ಕನ್ನಡದಲ್ಲಿ ಕೊಡಬೇಕಾದಾಗ ಕೀಲಿಮಣೆಯ ಚಿಂತೆಗಿಂತ ಅಕ್ಷರಗಳ ಚಿಂತೆ ದೊಡ್ಡದು. ಕೀಲಿಮಣೆಯ ಸಮಸ್ಯೆಯನ್ನು ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಎಂದೋ ಬಿಡಿಸಿದ್ದಾರೆ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಮೂಡಿಸುವಂತೆ ಅವರು ರೂಪಿಸಿದ ವಿನ್ಯಾಸವೇ ಸ್ವಲ್ಪ ಬದಲಾವಣೆಯೊಂದಿಗೆ ಸರಕಾರದ ಮಾನ್ಯತೆ ಪಡೆಯಿತು. ಹಾಗಾಗಿ ಬೇರೆ ಕೀಲಿಮಣೆ ಕೊಳ್ಳಬೇಕಿಲ್ಲ. ಆದರೆ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಮೂಡಿಸಿದ ಪಠ್ಯ ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಎಚ್ಚರಿಕೆಯ ಸೂಚನೆಯೇ ಹೀಗೆ ಕೆಟ್ಟರೆ ಅನಾಹುತ ತಪ್ಪದು. ಆದುದರಿಂದ ಯೂನಿಕೋಡ್‌ನಲ್ಲೇ ಬರೆಯಬೇಕು. ಇನ್‌ಡಿಸೈನ್ ಬಳಸುವವರು ಅದರಲ್ಲಿನ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಮಾಡಿದರೆ ಮಾತ್ರ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ.

ಮೊದಲು ಯಾವುದಕ್ಕೆ ವೆಚ್ಚ?

ಹಣ ಸೀಮಿತವಾಗಿದ್ದರೆ ಯುಪಿಎಸ್ ಮತ್ತು ಪ್ರತಿ ಇಡುವ ಡಿಸ್ಕು ಮೊದಲು, ರ‍್ಯಾಮ್ ಹಾಗೂ ಎಸ್‌ಎಸ್‌ಡಿ ನಂತರ, ಎರಡನೆಯ ಪರದೆ ಆಮೇಲೆ. ಹೊಸ ಯಂತ್ರ ಕೊನೆಯದು. ಆಟಗಳಿಗೆಂದು ಬರುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಈ ಕೆಲಸಕ್ಕೆ ಬಹುಮಟ್ಟಿಗೆ ಅನಗತ್ಯ. ಗುತ್ತಿಗೆಯ ಮೇಲೆ ಬರೆಯುವವರು ಯಂತ್ರ ಹಾಗೂ ತಂತ್ರಾಂಶದ ಪರವಾನಗಿಯ ವೆಚ್ಚ ಯಾರದೆಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

ಬೆಲೆಬಾಳುವ ಯಂತ್ರವೇ ಸಮರ್ಪಕ ಯಂತ್ರವಲ್ಲ. ಬರೆದದ್ದನ್ನು ಮೂಲದೊಡನೆ ಹೋಲಿಸಿ ನೋಡಲು ಬಿಡುವ, ಬರೆದದ್ದನ್ನು ಕಳೆಯದೆ ಕಾಯುವ ಯಂತ್ರವೇ ಸಮರ್ಪಕ. ಕೈಪಿಡಿಯನ್ನು ನಂಬಿ ಗುಂಡಿ ಒತ್ತುವವನ ಸುರಕ್ಷೆ ಅದರಲ್ಲಡಗಿದೆ.