ಜೀಪಿನ ಬಾನುಲಿಗೆ ವಿದ್ಯುತ್ತಿನ ತೂಬು

ನಿಮ್ಮ ಮನೆಯ ರೇಡಿಯೋ ದೂರದ ಮಾತನ್ನು ಕೇಳಿಸಬಲ್ಲದು, ಮರುಮಾತು ಕಳುಹಿಸಲಾರದು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಓಡಾಡುವ ಪೊಲೀಸ್ ವಾಹನದೊಳಗಿನ ರೇಡಿಯೋ ಎರಡನ್ನೂ ಮಾಡುತ್ತದೆ. ರೂಢಿಯಲ್ಲಿ ಇದನ್ನು ವೈರ್‌ಲೆಸ್ ಸೆಟ್ಟು ಎನ್ನುತ್ತೇವೆ. ಮಳೆಗಾಲದಲ್ಲಿ ಮರ ಬಿದ್ದು ಹಾದಿ ಕಟ್ಟಿ, ತಂತಿ ಕಡಿದು, ಮೊಬೈಲ್ ಗೋಪುರವೂ ಮೂಕವಾದ ರಾತ್ರಿ ಅದರ ಬೆಲೆ ತಿಳಿಯುತ್ತದೆ. ಆದರೆ ಅಂಥ ರಾತ್ರಿ ಸೆಟ್ಟು ಮಾತನಾಡಬೇಕಾದರೆ ವಾಹನದ ಬ್ಯಾಟರಿಯಲ್ಲಿ ಜೀವ ಉಳಿದಿರಬೇಕಷ್ಟೆ. ಆ ಜೀವವನ್ನು ಕಾಯುವುದು, ಹೊತ್ತರಿತು ವಿದ್ಯುತ್ತನ್ನು ಬಿಡುವ ಮತ್ತು ತಡೆಯುವ ಒಂದು ಸಣ್ಣ ವಿದ್ಯುನ್ಮಂಡಲ. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ.

ಮೊದಲು ಸ್ವಲ್ಪ ಲೆಕ್ಕ. ಜೀಪಿನ ಬ್ಯಾಟರಿ 12 ವೋಲ್ಟಿನದು. ಎಂಜಿನ್ ಓಡುತ್ತಿರುವಾಗ 14ರ ಸಮೀಪಕ್ಕೆ ಏರುತ್ತದೆ. ಸೆಟ್ಟು ಸುಮ್ಮನೆ ಕಿವಿಗೊಟ್ಟು ಕುಳಿತಾಗ ಅದು ಎಳೆಯುವ ಪ್ರವಾಹ ಸಾಮಾನ್ಯವಾಗಿ ಅರ್ಧ ಆಂಪಿಯರನ್ನು ಮೀರದು. ಮೈಕಿನ ಗುಂಡಿಯೊತ್ತಿ ಮಾತನಾಡಿದೊಡನೆ, 25 ವಾಟಿನ ಸೆಟ್ಟಾದರೆ, ಅದು ಸುಮಾರು 5-6 ಆಂಪಿಯರಿಗೆ ಜಿಗಿಯುತ್ತದೆ. ಇಷ್ಟು ಪ್ರವಾಹವನ್ನು ಸೆಟ್ಟಿನ ಮುಖದ ಮೇಲಿರುವ ಪುಟ್ಟ ಸ್ವಿಚ್ಚಿನ ಮೂಲಕ ಹರಿಸಿದರೆ ಅದರ ಬಾಯಿ ಸುಟ್ಟು ಹೋದೀತು. ತಂತಿಗಳೂ ತೆಳುವಾಗಿದ್ದು ಅವುಗಳ ರೋಧ 0.2 ಓಮ್ ಎಂದಿಟ್ಟುಕೊಳ್ಳಿ: 6 ಆಂಪಿಯರ್ ಹರಿದಾಗ 1.2 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ.

ಆದ್ದರಿಂದ ಮುಖದ ಮೇಲಿನ ಸ್ವಿಚ್ಚು ಭಾರ ಹೊರುವುದಿಲ್ಲ. ಅಪ್ಪಣೆ ಕೊಡುತ್ತದೆ, ಅಷ್ಟೆ. ಶಿಕಾರಿಪುರದ ಬಳಿ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯವನ್ನು ನೆನೆಯಿರಿ. ತೂಬಿನ ಬಾಗಿಲನ್ನು ತಿರುಗಿಸುವ ಕೈಗೆ ನಾಲೆಯ ನೀರಿನ ಬಲವಿರಬೇಕಾಗಿಲ್ಲ. ಕೈ ಬಾಗಿಲನ್ನು ಎತ್ತುತ್ತದೆ. ನೀರು ತನ್ನ ಬಲದಿಂದ ತಾನೇ ಹರಿಯುತ್ತದೆ.

ವಿದ್ಯುತ್ತಿಗೆ ಇಂಥ ತೂಬು ಎರಡು ಬಗೆ. ಹಳೆಯದು ರಿಲೇ: ಸಣ್ಣ ಪ್ರವಾಹವೊಂದು ತಂತಿಯ ಸುರುಳಿಯನ್ನು ಅಯಸ್ಕಾಂತವಾಗಿಸಿ ದಪ್ಪನೆಯ ಲೋಹದ ತುದಿಗಳನ್ನು ಕೂಡಿಸುತ್ತದೆ. ಅನೇಕ ಕಾರುಗಳ ಹಾರ್ನಿಗೂ ದೊಡ್ಡ ದೀಪಗಳಿಗೂ ಇದೇ ಏರ್ಪಾಡು ಉಂಟು. ಹೊಸದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರು. ಅದರ ಗೇಟ್ ಎಂಬ ತುದಿಯಲ್ಲಿ ವೋಲ್ಟೇಜನ್ನು ಬದಲಿಸಿದರೆ ಸಾಕು, ಆಂಪಿಯರುಗಟ್ಟಲೆ ಪ್ರವಾಹ ಹರಿಯುತ್ತದೆ ಇಲ್ಲವೆ ನಿಲ್ಲುತ್ತದೆ. ಸದ್ದಿಲ್ಲ, ಕಿಡಿಯಿಲ್ಲ, ಸವೆಯುವ ಭಾಗವಿಲ್ಲ.

ಇಂದಿನ ಸೆಟ್ಟಿನ ಗುಂಡಿಯನ್ನು ನೀವು ಕ್ಷಣಕಾಲ ಒತ್ತಿ ಬಿಟ್ಟರೆ ಆಗುವುದು ಇದು. ಗುಂಡಿ ತೂಬನ್ನು ತೆರೆಯುತ್ತದೆ. ಒಳಗಿನ ಪುಟ್ಟ ಗಣಕ ಎಚ್ಚರಗೊಂಡು, ಬೆರಳು ತೆಗೆದ ಮೇಲೂ ಆ ತೂಬನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಆರಿಸುವಾಗ ಕಡೆಯ ಚಾನೆಲನ್ನು ನೆನಪಿಗೆ ಬರೆದುಕೊಂಡ ನಂತರವೇ ಹಿಡಿತ ಸಡಿಲಿಸುತ್ತದೆ.

ಮಾತಿನ ಗುಂಡಿಯದು ಇನ್ನೊಂದು ಬಗೆಯ ಅಪ್ಪಣೆ. ಅದನ್ನೊತ್ತಿದಾಗ ಮೊದಲು ಏರಿಯಲ್ಲು ಗ್ರಾಹಕದಿಂದ ಕಳಚಿ ಪ್ರೇಷಕಕ್ಕೆ ಕೂಡಬೇಕು. ಆಮೇಲೆ ಪ್ರೇಷಕದ ಬಲ ಏರಬೇಕು. ಈ ಕ್ರಮ ತಪ್ಪಿದರೆ, ಅತಿಸೂಕ್ಷ್ಮ ಸಂಜ್ಞೆಗಳಿಗಾಗಿ ಕಾದಿರುವ ಗ್ರಾಹಕಕ್ಕೆ ಪಕ್ಕದ ಪ್ರೇಷಕದ 25 ವಾಟು ಬಡಿದು ಅದು ಕೆಟ್ಟೀತು. ಇದಿಷ್ಟೂ ಸೆಕೆಂಡಿನ ಸಣ್ಣ ಅಂಶದಲ್ಲಿ ಮುಗಿಯುತ್ತದೆ. ಗುಂಡಿಯೊತ್ತಿ ಅರೆಗಳಿಗೆ ತಡೆದು ಮಾತನಾಡಬೇಕೆಂದು ಹೇಳಿಕೊಡುವುದಕ್ಕೆ ಇದೂ ಒಂದು ಕಾರಣ.

ಮೊದಮೊದಲು ಈ ಸೌಕರ್ಯವಿರಲಿಲ್ಲ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸ್ ಕಾರುಗಳು ಕೇಳಲು ಮಾತ್ರ ಬಲ್ಲವಾಗಿದ್ದವು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣದ ಕಾರುಗಳು ಮರುಮಾತನ್ನೂ ಆಡಿದವು. ಅಂದಿನ ವಾಲ್ವುಗಳಿಗೆ ನೂರಾರು ವೋಲ್ಟು ಬೇಕು. ಬ್ಯಾಟರಿಯ ವಿದ್ಯುತ್ತನ್ನು ಹಾಗೆ ಏರಿಸಲು ವೈಬ್ರೇಟರು ಇಲ್ಲವೆ ಡೈನಮೋಟರು ಎಂಬ ಯಂತ್ರ ಬೇಕು. ವಾಲ್ವುಗಳನ್ನು ಸದಾ ಬಿಸಿಯಾಗಿಟ್ಟಿರುವುದಕ್ಕೂ ವಿದ್ಯುತ್ತು ವೆಚ್ಚವಾಗುತ್ತಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ಈ ಹೊರೆ ಇಳಿಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು: ಸೆಟ್ಟಿನ ತಂತಿಯನ್ನು ಎಲ್ಲಿಗೆ ಕೂಡಿಸಬೇಕು? ವಾಹನದ ಕೀಲಿಯ ಮೂಲಕ ಕೂಡಿಸಿದರೆ, ಕೀಲಿ ತೆಗೆದೊಡನೆ ಸೆಟ್ಟು ಕಿವುಡಾಗುತ್ತದೆ. ಕಾಡಿನಂಚಿನಲ್ಲಿ ಕಾದು ನಿಂತ ವಾಹನಕ್ಕೆ ಕರೆ ಕೇಳಿಸದು. ನೇರವಾಗಿ ಬ್ಯಾಟರಿಗೆ ಕೂಡಿಸಿ, ಆರಿಸಲು ಮರೆತರೆ? 0.4 ಆಂಪಿಯರಿನಂತೆ ಮೂರು ದಿನಕ್ಕೆ ಸುಮಾರು 29 ಆಂಪಿಯರ್-ಗಂಟೆ ಖರ್ಚು. 60 ಆಂಪಿಯರ್-ಗಂಟೆಯ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ. ಬ್ಯಾಟರಿ ಹಳೆಯದಾಗಿದ್ದರೆ ಎಂಜಿನ್ ಏಳದು, ಸೆಟ್ಟೂ ನುಡಿಯದು. ಸಹಾಯಕ್ಕೆ ಹೊರಡಬೇಕಾದ ವಾಹನವೇ ಸಹಾಯ ಕೇಳಲಾರದೆ ನಿಲ್ಲುತ್ತದೆ.

ಇದಕ್ಕೆ ಪರಿಹಾರ ಮೂರನೆಯದೊಂದು ತೆಳು ತಂತಿ. ಭಾರದ ಪ್ರವಾಹ ದಪ್ಪ ತಂತಿಗಳಲ್ಲಿ ಬ್ಯಾಟರಿಯಿಂದಲೇ ಬರುತ್ತದೆ. ಬ್ಯಾಟರಿಯ ಸಮೀಪದಲ್ಲೇ ಫ್ಯೂಸು ಇರುತ್ತದೆ, ತಂತಿಯ ಹೊದಿಕೆ ಸವೆದು ವಾಹನದ ಮೈ ತಾಗಿದರೂ ಬೆಂಕಿಯಾಗದಂತೆ. ತೆಳು ತಂತಿ ಕೀಲಿಯಿಂದ ಬರುತ್ತದೆ. ಕೀಲಿ ತಿರುಗಿದೆಯೋ ಇಲ್ಲವೋ ಎಂಬ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಕೀಲಿ ತೆಗೆದ ಮೇಲೂ ಗೊತ್ತುಮಾಡಿದ ಅವಧಿಯವರೆಗೆ ಸೆಟ್ಟು ಎಚ್ಚರವಾಗಿದ್ದು, ಅನಂತರ ತಾನಾಗಿ ಆರುವಂತೆ ಹಲವು ಸೆಟ್ಟುಗಳಲ್ಲಿ ಏರ್ಪಡಿಸಬಹುದು. ಕರೆಯೂ ತಪ್ಪದು, ಬ್ಯಾಟರಿಯೂ ಉಳಿಯುತ್ತದೆ.

ನಿಮ್ಮ ಕಾರಿನ ಹಾಡಿನ ಪೆಟ್ಟಿಗೆಯ ಹಿಂದೆಯೂ ಸಾಮಾನ್ಯವಾಗಿ ಇಂಥ ತಂತಿಗಳುಂಟು: ಹಳದಿ ಬ್ಯಾಟರಿಯಿಂದ, ಕೆಂಪು ಕೀಲಿಯಿಂದ, ಕಪ್ಪು ವಾಹನದ ಮೈಗೆ. ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕಟ್ಟಿಕೊಡುವ ಅವಸರದ ಕೆಲಸವನ್ನು ಒಪ್ಪಬೇಡಿ. ಹಾಗೆ ಕಟ್ಟಿದರೆ ತೂಬು ಕಾಯುವವರೇ ಇಲ್ಲದಂತಾಗುತ್ತದೆ. ಕೆರೆ ಯಾವಾಗ ಬರಿದಾಯಿತೆಂಬುದು ಬೆಳಗಾದ ಮೇಲೆ ತಿಳಿಯುತ್ತದೆ.